ಬೇಕರ್ ಏರು: ಟ್ರೈಲರ್ ಕಟ್ಟಿಕೊಂಡು ಮೊಹಾವಿ ಮರುಭೂಮಿ ದಾಟುವ ದಾರಿ

ಲಾಸ್ ಏಂಜಲೀಸಿನಿಂದ ಲಾಸ್ ವೇಗಸ್‌ಗೆ ಹೋಗುವ ಇಂಟರ್‌ಸ್ಟೇಟ್ 15 ಕಾರಿನಲ್ಲಿ ಹೋಗುವವರಿಗೆ ನಿದ್ದೆ ಬರಿಸುವ ರಸ್ತೆ. ಅದೇ ದಾರಿಯಲ್ಲಿ ಪಿಕಪ್ ಟ್ರಕ್ಕಿನ ಹಿಂದೆ 24 ಅಡಿಯ ಟ್ರಾವೆಲ್ ಟ್ರೈಲರ್ ಕಟ್ಟಿಕೊಂಡು ಹೊರಟರೆ ನಿದ್ದೆಯ ಮಾತೇ ಇಲ್ಲ. ಸ್ಯಾನ್ ಬರ್ನಾರ್ಡಿನೊ ಸಮುದ್ರಮಟ್ಟದಿಂದ ಸಾವಿರ ಅಡಿಯ ಆಸುಪಾಸಿನಲ್ಲಿದೆ. ಅಲ್ಲಿಂದ ಕಹೋನ್ ಪಾಸ್ ಹತ್ತಿದರೆ ಸುಮಾರು 4,200 ಅಡಿ. ಮತ್ತೆ ಇಳಿದು ಬೇಕರ್ ಎಂಬ ಪುಟ್ಟ ಊರಿಗೆ ಬಂದಾಗ 930 ಅಡಿ. ಅಲ್ಲಿಂದ ಮತ್ತೆ ಮೇಲೇರಿ ಮೌಂಟನ್ ಪಾಸ್‌ನಲ್ಲಿ 4,730 ಅಡಿ ಮುಟ್ಟಿ, ಆಮೇಲೆ ನೆವಾಡದ ಗಡಿಗೆ ಇಳಿಯಬೇಕು. ಎರಡು ಏರುಗಳಲ್ಲಿ ಕಡಿದಾದದ್ದು ಕಹೋನ್. ಆದರೆ ಟ್ರಕ್ಕಿನ ಗೇರ್‌ಬಾಕ್ಸ್ ಬೇಯುವುದು ಸಾಮಾನ್ಯವಾಗಿ ಎರಡನೆಯದರಲ್ಲಿ, ಬೇಕರ್ ಏರಿನಲ್ಲಿ.

ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಟ್ರೈಲರ್ ಬಾಡಿಗೆಗೆ ಪಡೆದು ಯೂಟಾದ ಝಯಾನ್, ಬ್ರೈಸ್ ರಾಷ್ಟ್ರೀಯ ಉದ್ಯಾನಗಳ ಕಡೆಗೆ ಹೊರಡುವವರು ಹಿಡಿಯುವುದು ಇದೇ ದಾರಿ. ಶಿರಾಡಿ, ಚಾರ್ಮಾಡಿ ಹತ್ತಿ ಪಳಗಿದ ಕೈಗೆ ಇಲ್ಲಿನ ಏರು ಏರೇ ಅಲ್ಲ ಅನ್ನಿಸುತ್ತದೆ. ತಿರುವುಗಳಿಲ್ಲ, ಕಣ್ಣು ಹಾಯುವಷ್ಟು ದೂರ ನೇರ ರಸ್ತೆ. ಮೋಸ ಇರುವುದು ಅಲ್ಲೇ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಅರ್ಧ ಟನ್ ವರ್ಗದ (ಇದು ವರ್ಗದ ಹೆಸರು ಮಾತ್ರ, ಗಾಡಿಯ ತೂಕವಲ್ಲ), ಆರು ಗೇರಿನ ಆಟೊಮ್ಯಾಟಿಕ್ ಇರುವ ಪೆಟ್ರೋಲ್ ಪಿಕಪ್. ಜನ, ಸಾಮಾನು ಸೇರಿ ಟ್ರಕ್ 2,500 ಕಿಲೊ, ನೀರು ತುಂಬಿದ ಟ್ರೈಲರ್ 3,000 ಕಿಲೊ. ಟ್ರೈಲರನ್ನು ಟ್ರಕ್ಕಿಗೆ ಸೇರಿಸುವ ಕೊಂಡಿಯ, ಅಂದರೆ ಹಿಚ್‌ನ ಮೇಲೆ ಕೂರುವ ಭಾರ ಟ್ರೈಲರ್ ತೂಕದ ನೂರಕ್ಕೆ 10ರಿಂದ 15 ಇರಬೇಕು. ಇದಕ್ಕಿಂತ ಕಡಿಮೆಯಾದರೆ ಟ್ರೈಲರ್ ಹಾವಿನಂತೆ ಓಲಾಡುತ್ತದೆ. ಸಿಹಿನೀರಿನ ಟ್ಯಾಂಕನ್ನು ಮನೆಯಲ್ಲೇ ತುಂಬಿಸಿಕೊಂಡು ಹೊರಡುವ ಅಭ್ಯಾಸ ಬಿಡುವುದು ಒಳ್ಳೆಯದು. 40 ಗ್ಯಾಲನ್ ಎಂದರೆ 150 ಕಿಲೊ. ಕುಡಿಯಲು ಬೇಕಾದಷ್ಟನ್ನು ಕ್ಯಾನುಗಳಲ್ಲಿ ಇಟ್ಟುಕೊಂಡು, ಉಳಿದದ್ದನ್ನು ಕ್ಯಾಂಪ್‌ಗ್ರೌಂಡಿನಲ್ಲಿ ತುಂಬಿಸಿಕೊಳ್ಳಬಹುದು.

ಹೊರಡುವ ಹಿಂದಿನ ದಿನ ಬಾನೆಟ್ ಎತ್ತಿ ಮುಂಭಾಗವನ್ನು ಟಾರ್ಚ್ ಹಾಕಿ ನೋಡಬೇಕು. ಮೊದಲು ಗೇರ್‌ಬಾಕ್ಸಿನ ಆಯಿಲ್ ತಣಿಸುವ ಟ್ರಾನ್ಸ್‌ಮಿಷನ್ ಕೂಲರ್, ಅದರ ಹಿಂದೆ ಅಥವಾ ಪಕ್ಕದಲ್ಲಿ ಏಸಿಯ ಕಂಡೆನ್ಸರ್, ಕೊನೆಗೆ ರೇಡಿಯೇಟರ್: ಬಹುತೇಕ ಪಿಕಪ್‌ಗಳಲ್ಲಿ ಇವು ಒಂದರ ಹಿಂದೊಂದು ಪದರವಾಗಿ ಕೂತಿರುತ್ತವೆ. ಪದರಗಳ ನಡುವೆ ಹುಳ, ಧೂಳು, ಹತ್ತಿಯಂಥ ಬೀಜದ ನಾರು ಸೇರಿ ಕಂಬಳಿಯಾಗಿದ್ದರೆ ಎಷ್ಟು ದೊಡ್ಡ ಕೂಲರ್ ಇದ್ದರೂ ಪ್ರಯೋಜನವಿಲ್ಲ. ಎಂಜಿನ್ ಕಡೆಯಿಂದ ಹೊರಕ್ಕೆ, ಸಣ್ಣ ಒತ್ತಡದ ನೀರು ಬಿಟ್ಟು ತೊಳೆಯಬೇಕು. ಪ್ರೆಷರ್ ವಾಷರ್ ಹಿಡಿದರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಮುಂಭಾಗದಲ್ಲಿ ಸೈಕಲ್ ಸ್ಟ್ಯಾಂಡು, ಜನರೇಟರು ಕಟ್ಟಿದ್ದರೆ ಬಿಚ್ಚಿ ಹಿಂದೆ ಹಾಕುವುದು ಲೇಸು.

ಹಳೆಯ ಟ್ರಕ್ಕಿಗೆ ಹೆಚ್ಚುವರಿ ಕೂಲರ್ ಹಾಕಿಸುವುದಾದರೆ ತಟ್ಟೆ ಜೋಡಿಸಿದ ಸ್ಟ್ಯಾಕ್ಡ್ ಪ್ಲೇಟ್ ಮಾದರಿಯೇ ಬೇಕು. ಅದೇ ಅಳತೆಯ ಕೊಳವೆ ಮಾದರಿಗಿಂತ ಅದು ಹೆಚ್ಚು ಶಾಖ ಕಳೆಯುತ್ತದೆ. ಜೋಡಣೆಯ ಕ್ರಮವೂ ಮುಖ್ಯ. ಗೇರ್‌ಬಾಕ್ಸಿನಿಂದ ಬಿಸಿ ಆಯಿಲ್ ಮೊದಲು ರೇಡಿಯೇಟರ್ ಟ್ಯಾಂಕಿಗೆ, ಅಲ್ಲಿಂದ ಹೊಸ ಕೂಲರ್‌ಗೆ, ಅಲ್ಲಿಂದ ವಾಪಸ್ ಗೇರ್‌ಬಾಕ್ಸಿಗೆ ಹೋಗಬೇಕು. ತಿರುವುಮುರುವಾದರೆ ಕೂಲರ್‌ನಲ್ಲಿ ತಣಿದ ಆಯಿಲ್ ರೇಡಿಯೇಟರ್‌ನ 95 ಡಿಗ್ರಿ ನೀರಿನಲ್ಲಿ ಮತ್ತೆ ಕಾಯುತ್ತದೆ.

ಆಯಿಲ್ ವಿಷಯದಲ್ಲಿ ರಾಜಿ ಬೇಡ. ಕೈಪಿಡಿಯಲ್ಲಿ ಮರ್ಕಾನ್ ಎಲ್‌ವಿ ಎಂದಿದ್ದರೆ ಅದೇ, ಡೆಕ್ಸ್‌ರಾನ್ 6 ಎಂದಿದ್ದರೆ ಅದೇ. ಒಂದರ ಬದಲು ಇನ್ನೊಂದು ಸುರಿದರೆ ಗೇರ್‌ಬಾಕ್ಸಿನ ಲಾಕಪ್ ಕ್ಲಚ್ (ಅದರ ಕೆಲಸ ಮುಂದೆ ಬರುತ್ತದೆ) ಹಿಡಿಯುವ ರೀತಿಯೇ ಬದಲಾಗುತ್ತದೆ. ಡಿಪ್‌ಸ್ಟಿಕ್ ಇರುವ ಗಾಡಿಯಾದರೆ ಒಂದು ಹನಿಯನ್ನು ಬಿಳಿ ಟಿಶ್ಯೂ ಮೇಲೆ ಬಿಟ್ಟು ನೋಡಿ. ಕೆಂಪಾಗಿ ಅಥವಾ ತಿಳಿ ಕಂದಾಗಿ ಅಗಲಕ್ಕೆ ಹರಡಿದರೆ ಸರಿ. ನಡುವೆ ಕಪ್ಪು ಚುಕ್ಕೆ ನಿಂತು ಸುಟ್ಟ ವಾಸನೆ ಬಂದರೆ ಆ ಗೇರ್‌ಬಾಕ್ಸನ್ನು ಮೊಹಾವಿಗೆ ಕರೆದೊಯ್ಯಬಾರದು.

ಇನ್ನು ಮೀಟರ್. ಡ್ಯಾಶ್‌ಬೋರ್ಡಿನಲ್ಲಿ ಎಲ್ಲರೂ ನೋಡುವ ಮುಳ್ಳು ಎಂಜಿನ್ ನೀರಿನದು. ಗೇರ್‌ಬಾಕ್ಸ್ ಬೇಯುತ್ತಿರುವಾಗಲೂ ಅದು ನಡುವೆಯೇ ಹಾಯಾಗಿ ನಿಂತಿರಬಹುದು. ಗೇರ್‌ಬಾಕ್ಸಿಗೆ ಬೇರೆ ಮುಳ್ಳಿದ್ದರೂ ಅನೇಕ ಗಾಡಿಗಳಲ್ಲಿ ಅದು 80 ಡಿಗ್ರಿಗೂ 105 ಡಿಗ್ರಿಗೂ ಒಂದೇ ಜಾಗದಲ್ಲಿ ನಿಲ್ಲುವಂತೆ ಮಾಡಿರುತ್ತಾರೆ. ಅಂಕಿಯಲ್ಲಿ ತೋರಿಸುವ ಮೆನು ಇದೆಯೇ ಹುಡುಕಿ. ಇಲ್ಲದಿದ್ದರೆ ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ರೀಡರ್ ಕೊಂಡು ಫೋನಿನಲ್ಲಿ ಅಂಕಿ ನೋಡಿಕೊಳ್ಳಿ. ಈ ಪ್ರವಾಸಕ್ಕೆ ಮಾಡುವ ಖರ್ಚಿನಲ್ಲಿ ಇದರಷ್ಟು ಸಾರ್ಥಕವಾದದ್ದು ಇನ್ನೊಂದಿಲ್ಲ.

ಬೇಸಿಗೆಯಲ್ಲಾದರೆ ಸ್ಯಾನ್ ಬರ್ನಾರ್ಡಿನೊವನ್ನು ನಸುಕಿನ ನಾಲ್ಕಕ್ಕೆ ಬಿಡಬೇಕು. ಕಹೋನ್ ಏರಿನ ಬುಡದಲ್ಲಿರುವ ಡೆವೋರ್‌ನಿಂದ ಬೇಕರ್‌ಗೆ 120 ಮೈಲಿಯ ಮೇಲೆ. ಕ್ಯಾಲಿಫೋರ್ನಿಯದಲ್ಲಿ ಟ್ರೈಲರ್ ಎಳೆಯುವ ಗಾಡಿಗೆ ಗಂಟೆಗೆ 55 ಮೈಲಿಯೇ ಮಿತಿ. ಬಾರ್‌ಸ್ಟೊದಲ್ಲಿ ಅರ್ಧ ಗಂಟೆ ನಿಂತರೂ ಏಳೂವರೆಯೊಳಗೆ ಬೇಕರ್ ದಾಟಬಹುದು. ಹತ್ತು ಗಂಟೆಗೆ ಹೊರಟವರು ಬೇಕರ್ ಮುಟ್ಟುವ ಹೊತ್ತಿಗೆ ಅಲ್ಲಿ 43 ಡಿಗ್ರಿ ಸೆಲ್ಸಿಯಸ್ ದಾಟಿರುವುದು ಜುಲೈನಲ್ಲಿ ಮಾಮೂಲು.

ಕಹೋನ್ ಪಾಸ್ ಕತ್ತಲಲ್ಲೇ ಕಳೆದುಹೋಗುತ್ತದೆ. ಸ್ಯಾನ್ ಆಂಡ್ರಿಯಾಸ್ ಬಿರುಕು ಈ ಕಣಿವೆಯನ್ನು ಅಡ್ಡ ಸೀಳಿಕೊಂಡು ಹೋಗಿದೆ. ಪಕ್ಕದಲ್ಲೇ ಮೈಲುದ್ದದ ಗೂಡ್ಸ್ ರೈಲುಗಳು ತೆವಳುತ್ತಿರುತ್ತವೆ. ಏರು ಕಡಿದಾದರೂ ಚಿಕ್ಕದು, ಗಾಳಿಯೂ ತಂಪು. ಗೇರ್‌ಬಾಕ್ಸ್ 95 ಡಿಗ್ರಿ ಮುಟ್ಟಿ, ವಿಕ್ಟರ್‌ವಿಲ್ ಕಡೆಗೆ ಇಳಿಯುವಾಗ ತಾನಾಗಿ ತಣಿಯುತ್ತದೆ. ಈ ತಂಪಿನಲ್ಲೂ 110 ದಾಟಿದರೆ ಎಲ್ಲೋ ದೋಷವಿದೆ ಎಂದೇ ಅರ್ಥ, ಬೇಕರ್‌ನಲ್ಲಿ ಅದು ಇನ್ನಷ್ಟು ಹೆಚ್ಚುತ್ತದೆ. ಬಾರ್‌ಸ್ಟೊದಲ್ಲಿ ನಿಂತಾಗ ಟ್ರೈಲರ್‌ನ ನಾಲ್ಕೂ ಚಕ್ರದ ಹಬ್‌ಗಳ ಹತ್ತಿರ ಕೈ ಹಿಡಿದು ನೋಡಬೇಕು. ಒಂದು ಮಾತ್ರ ಸುಡುತ್ತಿದ್ದರೆ ಆ ಬ್ರೇಕು ಹಿಡಿದುಕೊಂಡೇ ಉರುಳುತ್ತಿದೆ, ಅಥವಾ ಬೇರಿಂಗ್ ಹೋಗುತ್ತಿದೆ. ಹಿಡಿದ ಬ್ರೇಕನ್ನು ಮೈಲುಗಟ್ಟಲೆ ಎಳೆಯುವ ಶಿಕ್ಷೆ ಕೊನೆಗೆ ಗೇರ್‌ಬಾಕ್ಸಿಗೇ.

ಬೇಕರ್‌ನಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ದೂರದಿಂದಲೇ ಕಾಣುತ್ತದೆ. 1913ರ ಜುಲೈ 10ರಂದು ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 56.7 ಸೆಲ್ಸಿಯಸ್‌ನ ನೆನಪಿಗೆ ಆ ಎತ್ತರ. ಫೋಟೊ ತೆಗೆದುಕೊಂಡು ಹೋಗುವವರೇ ಹೆಚ್ಚು. ಟ್ರೈಲರ್ ಎಳೆಯುವವರು ಅದರ ಅಂಕಿಯನ್ನು ಓದಿ ನಿರ್ಧಾರ ಮಾಡಬೇಕು. 105 ಫ್ಯಾರನ್‌ಹೀಟ್ (ಸುಮಾರು 41 ಸೆಲ್ಸಿಯಸ್) ಮೀರಿದ್ದು, ಗಾಡಿಯಲ್ಲಿ ಕೂಸು ಅಥವಾ ವಯಸ್ಸಾದವರು ಇದ್ದರೆ ಸಂಜೆಯವರೆಗೆ ಅಲ್ಲೇ ನೆರಳಲ್ಲಿ ನಿಲ್ಲುವುದೇ ಸರಿ. ಏಕೆಂದರೆ ಮುಂದಿನ ಏರಿನಲ್ಲಿ ಏಸಿ ಆರಿಸಿ ಎನ್ನುವ ಬೋರ್ಡು ರಸ್ತೆ ಬದಿಯಲ್ಲೇ ಇದೆ. ಅದು ಸುಮ್ಮನೆ ಹಾಕಿದ್ದಲ್ಲ. ಏಸಿ ಓಡುತ್ತಿದ್ದರೆ ಕಂಡೆನ್ಸರ್ ತನ್ನ ಬಿಸಿಯನ್ನೆಲ್ಲ ಹಿಂದಿನ ರೇಡಿಯೇಟರ್ ಮೇಲೆ ಸುರಿಯುತ್ತದೆ.

ಬೇಕರ್‌ನಿಂದ ಹ್ಯಾಲೊರನ್ ಸಮಿಟ್‌ವರೆಗೆ 18 ಮೈಲಿಯ ಆಸುಪಾಸು, ಏರಬೇಕಾದದ್ದು ಸುಮಾರು 3,100 ಅಡಿ. ಸರಾಸರಿ ತೆಗೆದರೆ ನೂರಕ್ಕೆ ಮೂರು ಚಿಲ್ಲರೆ. ಇಷ್ಟು ಸೌಮ್ಯವಾದ ಏರು ಯಾಕೆ ಕಾಡುತ್ತದೆ? 5,500 ಕಿಲೊ ಗಾಡಿಯನ್ನು 55 ಮೈಲಿ ವೇಗದಲ್ಲಿ ಅಷ್ಟು ಎತ್ತರಕ್ಕೆ ಎತ್ತಲು ಇಪ್ಪತ್ತು ನಿಮಿಷವೂ ಸುಮಾರು 57 ಅಶ್ವಶಕ್ತಿ, ಅಂದರೆ 43 ಕಿಲೊವಾಟ್ ಹತ್ತಿರ ಬೇಕು. ಟ್ರೈಲರ್‌ನ ಗೋಡೆಯಂಥ ಮುಖಕ್ಕೆ ಬಡಿಯುವ ಗಾಳಿ, ಟೈರುಗಳ ಎಳೆತ ಸೇರಿಸಿದರೆ ಒಟ್ಟು 100 ಕಿಲೊವಾಟ್ ಹತ್ತಿರ ಬರುತ್ತದೆ. ಇಷ್ಟೂ ಶಕ್ತಿ ಟಾರ್ಕ್ ಕನ್ವರ್ಟರ್ ಮೂಲಕವೇ ಹಾಯಬೇಕು.

ಕನ್ವರ್ಟರ್ ಎಂದರೆ ಆಯಿಲಿನಲ್ಲಿ ಮುಳುಗಿ ಎದುರುಬದುರು ಕೂತ ಎರಡು ಫ್ಯಾನುಗಳು. ಎಂಜಿನ್ ಒಂದನ್ನು ತಿರುಗಿಸುತ್ತದೆ, ಆಯಿಲಿನ ರಭಸ ಇನ್ನೊಂದನ್ನು ತಿರುಗಿಸುತ್ತದೆ. ಲಾಕಪ್ ಕ್ಲಚ್ ಹಿಡಿದಾಗ ಎರಡೂ ಒಂದೇ ತುಂಡಿನಂತೆ ಸುತ್ತುತ್ತವೆ, ಶಾಖ ಬಲು ಕಡಿಮೆ. ಲಾಕ್ ಬಿಟ್ಟರೆ ಜಾರಾಟ ಶುರು. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಹಾಫ್ ಕ್ಲಚ್ಚಿನಲ್ಲೇ ಘಾಟಿ ಹತ್ತಿದ ಹಾಗೆ. 100 ಕಿಲೊವಾಟಿನಲ್ಲಿ ಹತ್ತನೇ ಒಂದು ಪಾಲು ಜಾರಾಟದಲ್ಲಿ ಹೋದರೆ 10 ಕಿಲೊವಾಟ್, ಅಂದರೆ ಬಚ್ಚಲುಮನೆಯ ಐದು ಗೀಸರುಗಳು ಒಟ್ಟಿಗೆ ಆ ಆಯಿಲನ್ನು ಕಾಯಿಸಿದಂತೆ. ಹೊರಗಿನ ಗಾಳಿಯೇ 43 ಡಿಗ್ರಿ ಇದ್ದಾಗ ಕೂಲರ್ ಅದನ್ನು ಕಳೆಯಲಾರದು. ಹಿಂದಿನಿಂದ ಗಾಳಿ ಬೀಸುತ್ತಿದ್ದರಂತೂ ಗ್ರಿಲ್ ಒಳಗೆ ನುಗ್ಗುವ ಗಾಳಿಯೂ ಕಡಿಮೆ.

ಹಾಗಾಗಿ ಇಲ್ಲಿ ಮಾಡಬೇಕಾದದ್ದು ಎರಡೇ: ಲಾಕ್ ಬಿಡದಂತೆ ನೋಡಿಕೊಳ್ಳುವುದು, ವೇಗ ಇಳಿಸುವುದು. ಏರು ಶುರುವಾಗುವ ಮೊದಲೇ ಭಾರ ಎಳೆಯುವುದಕ್ಕೆ ತಕ್ಕಂತೆ ಗೇರ್ ಬದಲಾಯಿಸುವ ಟೋ-ಹಾಲ್ ಬಟನ್ ಒತ್ತಿ. ಆರನೆಯ, ಐದನೆಯ ಗೇರುಗಳನ್ನು ಮೈನಸ್ ಬಟನ್ನಿಂದ ಬಂದ್ ಮಾಡಿ ನಾಲ್ಕರಲ್ಲಿ ನಿಲ್ಲಿಸಿ. ಅದೂ ಏದುಸಿರು ಬಿಟ್ಟರೆ ಮೂರಕ್ಕೆ ಇಳಿಸಿ. ಲಾಕ್ ಆಗಿದೆಯೇ ಎಂದು ಟ್ಯಾಕೊಮೀಟರ್ ಹೇಳುತ್ತದೆ. ಪೆಡಲನ್ನು ಸ್ವಲ್ಪ ಒತ್ತಿದಾಗ ವೇಗ ಏರದೆ ಆರ್‌ಪಿಎಂ ಮಾತ್ರ 200–400 ಜಿಗಿದರೆ ಲಾಕ್ ಬಿಟ್ಟಿದೆ, ಒಂದು ಗೇರ್ ಕೆಳಕ್ಕೆ ಬೇಕು. ಮೈಲೇಜಿನ ಚಿಂತೆಯಲ್ಲಿ ಬೆಳೆದ ನಮಗೆ 3,500 ಆರ್‌ಪಿಎಂ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಅದು ಏನೂ ಅಲ್ಲ. ವಾಟರ್ ಪಂಪೂ ಜೋರಾಗಿ ತಿರುಗುವುದರಿಂದ ಒಳ್ಳೆಯದೇ. ಗೇರ್‌ಬಾಕ್ಸನ್ನು ಸುಡುವುದು ದೊಡ್ಡ ಗೇರಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ತಿಣುಕುವುದು, ಐದಕ್ಕೂ ಆರಕ್ಕೂ ನಡುವೆ ಮತ್ತೆ ಮತ್ತೆ ಹೊಯ್ದಾಡುವುದು.

ವೇಗದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 55ರಿಂದ 45 ಮೈಲಿಗೆ ಇಳಿದರೆ ಒಟ್ಟು ಹೊರೆ 100 ಕಿಲೊವಾಟಿನಿಂದ 70ರ ಆಸುಪಾಸಿಗೆ ಬರುತ್ತದೆ. ತಗಲುವ ಹೆಚ್ಚಿನ ಸಮಯ ಈ 18 ಮೈಲಿಗೆ ನಾಲ್ಕೂವರೆ ನಿಮಿಷ. ಬಲಗಡೆಯ ಲೇನಿನಲ್ಲಿ ದೊಡ್ಡ ಲಾರಿಗಳೂ ತೆವಳುತ್ತಿರುತ್ತವೆ, ಅವುಗಳ ಹಿಂದೆ ಸಾಕಷ್ಟು ಅಂತರ ಬಿಟ್ಟು ಸಾಗಬಹುದು.

ಅಂಕಿಗಳು ಹೀಗೆ. 80ರಿಂದ 95 ಡಿಗ್ರಿ ಸೆಲ್ಸಿಯಸ್ ನೆಮ್ಮದಿ. 105ಕ್ಕೆ ಬಂದಾಗಲೇ ಏಸಿ ಆರಿಸಿ, ಒಂದು ಗೇರ್ ಇಳಿಸಿ, ವೇಗ 45 ಮಾಡಿ. 115 ದಾಟಿಯೂ ಏರುತ್ತಿದ್ದರೆ ಮುಂದಿನ ಎಕ್ಸಿಟ್ಟಿನಲ್ಲಿ ಹೊರಬನ್ನಿ. ಎಕ್ಸಿಟ್ ಸಂಖ್ಯೆಗಳು: ಹ್ಯಾಲೊರನ್ ಸ್ಪ್ರಿಂಗ್ಸ್ 259, ಹ್ಯಾಲೊರನ್ ಸಮಿಟ್ 265. 120ರ ಮೇಲೆ ಹೋದರೆ ಎಕ್ಸಿಟ್ಟಿಗೆ ಕಾಯದೆ ಬಲಗಡೆಯ ಅಂಚಿನಲ್ಲೇ, ಬಿಳಿ ಗೆರೆಯಿಂದ ಆದಷ್ಟು ದೂರ ನಿಲ್ಲಬೇಕು. ಆದರೆ ಒಣಹುಲ್ಲಿನ ಮೇಲಲ್ಲ. ಅತಿಯಾಗಿ ಕಾದ ಆಯಿಲ್ ಹಿಗ್ಗಿ ಉಸಿರುಗೊಳವೆಯಿಂದ ಉಕ್ಕುತ್ತದೆ, ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು.

ನಿಂತ ತಕ್ಷಣ ಎಂಜಿನ್ ಆರಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಆರಿಸಿದರೆ ಪಂಪ್ ನಿಲ್ಲುತ್ತದೆ, ಕನ್ವರ್ಟರ್ ಒಳಗಿನ ಆಯಿಲ್ ಅಲ್ಲೇ ಕುದಿಯುತ್ತದೆ. ಪಾರ್ಕಿಂಗ್ ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಪಾರ್ಕ್‌ನಲ್ಲಿಟ್ಟು 1,000–1,200 ಆರ್‌ಪಿಎಂನಲ್ಲಿ ಹತ್ತು ಹದಿನೈದು ನಿಮಿಷ ಓಡಿಸಬೇಕು. ಎಂಜಿನ್ ನೀರೂ ಬಿಸಿಯಾಗಿದ್ದರೆ ಹೀಟರ್ ಹಾಕಿ ಕಿಟಕಿ ತೆರೆಯಿರಿ. ಹಳೆಯ ಡಾಜ್ ಪಿಕಪ್‌ಗಳ ನಾಲ್ಕು ಗೇರಿನ ಆಟೊಮ್ಯಾಟಿಕ್ಕಿನಲ್ಲಿ ಪಾರ್ಕ್‌ನಲ್ಲಿದ್ದಾಗ ಕೂಲರ್‌ಗೆ ಆಯಿಲ್ ಹರಿಯುವುದಿಲ್ಲ. ಅವುಗಳನ್ನು ನ್ಯೂಟ್ರಲ್‌ನಲ್ಲೇ ಇಡಬೇಕು, ಆಗ ಅಡ್ಡಗಟ್ಟೆ ಕಡ್ಡಾಯ. ಎಂಜಿನ್ನನ್ನು ಕೂಡಲೇ ಆರಿಸಬೇಕಾದ ಸಂದರ್ಭವೂ ಒಂದಿದೆ: ಅಡಿಯಿಂದ ಹೊಗೆ ಬರುತ್ತಿದ್ದರೆ ಅಥವಾ ಆಯಿಲ್ ಸುರಿಯುತ್ತಿದ್ದರೆ. ಆಗ ಎಲ್ಲರೂ ಇಳಿದು ದೂರ ಹೋಗಬೇಕು. ಕೂಲರ್ ರೆಕ್ಕೆಗಳ ಮೇಲೆ ಕ್ಯಾನಿನ ನೀರನ್ನು ಸಿಂಪಡಿಸಬಹುದು, ಕಾದ ಗೇರ್‌ಬಾಕ್ಸಿನ ಎರಕದ ಮೈಮೇಲೆ ಸುರಿಯಬಾರದು. 95ಕ್ಕೆ ಇಳಿದ ಮೇಲೆ ಹೊರಡಬಹುದು, ಏರಿನಲ್ಲಿ ಮೆಲ್ಲಗೆ ವೇಗ ಹಿಡಿಯುತ್ತ.

ಹ್ಯಾಲೊರನ್ ಸಮಿಟ್ ದಾಟಿದರೆ ರಸ್ತೆ ತುಸು ಇಳಿದು ಉಸಿರು ಕೊಡುತ್ತದೆ. ಇಕ್ಕೆಲಗಳಲ್ಲೂ ಜೋಷುವಾ ಮರಗಳು ತೋಳೆತ್ತಿ ನಿಂತಿರುತ್ತವೆ. ಮುಂದಿನ ಏರು ಚಿಕ್ಕದು. ಮೌಂಟನ್ ಪಾಸ್‌ನ ತುದಿಯಲ್ಲಿ ಎಡಕ್ಕೆ ರೇರ್ ಅರ್ಥ್ ಖನಿಜಗಳ ದೊಡ್ಡ ಗಣಿ ಕಾಣುತ್ತದೆ. ಅಲ್ಲಿಂದ ಇವಾನ್‌ಪಾ ಒಣಕೆರೆಗೆ ಇಳಿಜಾರು. ಹತ್ತಿದ ಗೇರಿನಲ್ಲೇ ಇಳಿ ಎನ್ನುವ ನಮ್ಮ ಘಾಟಿ ಚಾಲಕರ ಮಾತು ಇಲ್ಲಿಗೂ ಒಪ್ಪುತ್ತದೆ. ಟೋ-ಹಾಲ್ ಹಾಗೇ ಇರಲಿ, ಬ್ರೇಕನ್ನು ಒತ್ತಿಕೊಂಡೇ ಇರದೆ ಆಗಾಗ ಗಟ್ಟಿಯಾಗಿ ಒತ್ತಿ ಬಿಡಿ. ಕೆಳಗೆ ಬರುವಷ್ಟರಲ್ಲಿ ಗೇರ್‌ಬಾಕ್ಸ್ 90ಕ್ಕೆ ಬಂದಿರುತ್ತದೆ.

ಗಡಿಯ ಪ್ರಿಮ್‌ನಲ್ಲಿ ಸಮತಟ್ಟಾದ ಜಾಗ ಸಿಗುತ್ತದೆ. ಗಾಡಿ ನಿಲ್ಲಿಸಿ ಅಡಿಯಲ್ಲೊಂದು ರಟ್ಟು ಹಾಸಿ ಕಾಲು ಗಂಟೆ ಬಿಟ್ಟು ನೋಡಿ. ಕೆಂಪು ಹನಿ ಬಿದ್ದಿದ್ದರೆ ಕೂಲರ್ ಕೊಳವೆಯ ಜೋಡಣೆ, ಪ್ಯಾನಿನ (ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆಯ) ಗ್ಯಾಸ್ಕೆಟ್, ಮುಂದಿನ ಸೀಲ್ ಈ ಮೂರನ್ನು ಮೊದಲು ಅನುಮಾನಿಸಬೇಕು. ದಾರಿಯಲ್ಲಿ 120ರ ಮೇಲೆ ಬಹಳ ಹೊತ್ತು ಓಡಿದ್ದರೆ ಮನೆಗೆ ಬಂದ ಮೇಲೆ ಆಯಿಲ್ ಬದಲಿಸಬೇಕು. ಆರು ಗೇರಿನ ಪೆಟ್ಟಿಗೆಯಲ್ಲಿ ಒಟ್ಟು 12 ಕ್ವಾರ್ಟ್ (ಒಂದು ಕ್ವಾರ್ಟ್ ಎಂದರೆ ಲೀಟರಿಗಿಂತ ತುಸು ಕಡಿಮೆ) ಆಸುಪಾಸು ಇದ್ದರೂ ಪ್ಯಾನ್ ಇಳಿಸಿದಾಗ ಬರುವುದು 5–6 ಮಾತ್ರ, ಉಳಿದದ್ದು ಕನ್ವರ್ಟರ್‌ನಲ್ಲಿ ನಿಂತಿರುತ್ತದೆ. ಫಿಲ್ಟರ್ ಸಮೇತ ಒಮ್ಮೆ ಬದಲಿಸಿ, ಕೆಲವು ನೂರು ಮೈಲಿ ಓಡಿಸಿ, ಇನ್ನೊಮ್ಮೆ ಬದಲಿಸಿದರೆ ಸುಟ್ಟ ಆಯಿಲಿನ ಬಹುಪಾಲು ಹೊರಬರುತ್ತದೆ. ಪ್ಯಾನಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪಾದ ಲೇಪ ಅಂಟಿದ್ದರೆ ಗಾಬರಿ ಬೇಡ. ಕೈಗೆ ಚುಚ್ಚುವಂಥ ಲೋಹದ ಚೂರುಗಳಿದ್ದರೆ ಪ್ಯಾನನ್ನು ಹಾಗೇ ಒಳ್ಳೆಯ ಗೇರ್‌ಬಾಕ್ಸ್ ಮೆಕ್ಯಾನಿಕ್‌ಗೆ ತೋರಿಸಿ, ಒರೆಸುವ ಮೊದಲೇ.