ಕತ್ತೆಮರಿ ಬಿಚ್ಚಿ ತಂದವರು

ಯೇಸು ಕತ್ತೆಮರಿ ಏರಿ ಜೆರುಸಲೇಮಿಗೆ ಬಂದದ್ದನ್ನು ನೆನೆಯುವ ಗರಿಗಳ ಭಾನುವಾರ, ಚರ್ಚಿನಲ್ಲಿ ಯೇಸುವಿನ ಯಾತನೆಯ ವಾಚನ ಓದುವ ಅವಕಾಶ ಈ ಸಲ ನನಗೇ ಅಂತ ಅಂದುಕೊಂಡಿದ್ದೆ. ಎರಡು ವಾರ ಮನೆಯಲ್ಲಿ ಜೋರಾಗಿ ಓದಿ ಅಭ್ಯಾಸವನ್ನೂ ಮಾಡಿದ್ದೆ. ಪಟ್ಟಿ ಬಂತು. ಬಾಗಿಲಲ್ಲಿ ನಿಂತು ಗರಿ ಹಂಚುವುದು, ಪೂಜೆ ಮುಗಿದ ಮೇಲೆ ಗುಡಿಸುವುದು, ಇದು ನನ್ನ ಪಾಲಿಗೆ.

ಬೇಜಾರಾಯಿತು, ಸುಳ್ಳೇಕೆ ಹೇಳಲಿ. "ಎಲ್ಲ ದೇವರ ಕೆಲಸವೇ ಅಲ್ವಾ" ಅಂತ ಬಾಯಲ್ಲಿ ಅಂದೆ. ಒಳಗೆ ಹೊಗೆಯಾಡುತ್ತಿತ್ತು.

ಆ ರಾತ್ರಿ ಸುಮ್ನೆ ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಶುಭಸಂದೇಶ ತೆಗೆದೆ. 10ನೇ ಅಧ್ಯಾಯದಲ್ಲಿ ಶಿಷ್ಯರಾದ ಯಕೋಬ, ಯೊವಾನ್ನ ಇಬ್ಬರೂ ಯೇಸುವಿನ ಹತ್ತಿರ ಬಂದು, ನಿಮ್ಮ ಮಹಿಮೆಯಲ್ಲಿ ಒಬ್ಬನಿಗೆ ಬಲಗಡೆ, ಒಬ್ಬನಿಗೆ ಎಡಗಡೆ ಜಾಗ ಕೊಡಿ ಅಂತ ಕೇಳುತ್ತಾರೆ. ಉಳಿದ ಹತ್ತು ಮಂದಿ ಶಿಷ್ಯರಿಗೆ ಸಿಟ್ಟು. ಆ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಅವರ ಕಣ್ಣೂ ಅದೇ ಜಾಗದ ಮೇಲೆ ಇದ್ದಿರಬೇಕು.

ಪುಟ ತಿರುಗಿಸಿದರೆ 11ನೇ ಅಧ್ಯಾಯ. ಜೆರುಸಲೇಮಿನ ಹತ್ತಿರ ಬಂದಾಗ ಯೇಸು ಶಿಷ್ಯರಲ್ಲಿ ಇಬ್ಬರನ್ನು ಕಳಿಸುತ್ತಾರೆ. ಯಾವುದಕ್ಕೆ? ಎದುರಿನ ಹಳ್ಳಿಯಿಂದ ಕತ್ತೆಮರಿ ಬಿಚ್ಚಿಕೊಂಡು ಬರೋದಕ್ಕೆ! ಅದೂ ಯಾರೂ ಯಾವತ್ತೂ ಹತ್ತದ ಮರಿ, ಹಗ್ಗ ಹಿಡಿದು ಎಳೆದರೆ ಎಷ್ಟು ಜಗ್ಗಾಡಿತೋ. ಬೀದಿಯಲ್ಲಿ, ಬಾಗಿಲ ಪಕ್ಕ ಕಟ್ಟಿದ್ದ ಪ್ರಾಣಿಯನ್ನು ಹಾಡಹಗಲೇ ಬಿಚ್ಚುತ್ತಿದ್ದರೆ ಅಲ್ಲಿ ನಿಂತವರು ಸುಮ್ಮನಿರುತ್ತಾರಾ? ಏನ್ರೀ ಮಾಡ್ತಿದ್ದೀರಿ ಅಂತ ಕೇಳಿಯೇ ಕೇಳಿದರು. ಕಳ್ಳರ ಹಾಗೆ ನಿಂತು "ಪ್ರಭುವಿಗೆ ಬೇಕಾಗಿದೆ" ಅನ್ನಬೇಕು, ಅಷ್ಟೇ.

ನಿಮ್ಮ ಅರಸ ಕತ್ತೆಮರಿಯ ಮೇಲೆ ಬರುತ್ತಾನೆ ಅಂತ ಪ್ರವಾದಿ ಜೆಕರ್ಯ ನೂರಾರು ವರ್ಷ ಮೊದಲೇ ಹೇಳಿದ್ದ. ಆ ಮಾತು ನೆರವೇರಲು ಯಾರೋ ಒಬ್ಬರು ಒಂದು ಗಂಟು ಬಿಚ್ಚಬೇಕಿತ್ತು. ಶಿಷ್ಯರಿಗೆ ಆಗ ಇದೇನೂ ಅರ್ಥವಾಗಿರಲಿಲ್ಲ ಅಂತ ಯೊವಾನ್ನ ತನ್ನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಒಪ್ಪಿಕೊಳ್ಳುತ್ತಾನೆ. ಮತ್ತಾಯ, ಮಾರ್ಕ, ಲೂಕ ಮೂವರೂ ಆ ಇಬ್ಬರ ಹೆಸರು ಬರೆದಿಲ್ಲ. ಯಕೋಬ, ಯೊವಾನ್ನರೇ ಆಗಿದ್ದರೆ ಹೇಗಿರುತ್ತಿತ್ತು ಅಂತ ನೆನೆಸಿಕೊಂಡು ನಗು ಬಂತು.

ಭಾನುವಾರ ಗರಿ ಹಂಚಿದೆ. ಒಂದು ಮಗು ಉದ್ದದ್ದೇ ಬೇಕು ಅಂತ ಹಟ ಹಿಡಿದು, ಮೂರು ಸಲ ಬದಲಾಯಿಸಿಕೊಂಡು ಹೋಯಿತು. ಗರಿಯ ಅಂಚು ತಾಗಿ ಹೆಬ್ಬೆರಳು ಕುಯ್ದಿತ್ತು. "ಹೊಸಾನ್ನ" ಅಂತ ಜಯಘೋಷ ಹಾಡುತ್ತಾ ಎಲ್ಲರೂ ಒಳಗೆ ಹೋದರು, ತಡವಾಗಿ ಬರುವವರಿಗೆ ಕೊಡೋಕೆ ನಾನು ಬಾಗಿಲಲ್ಲೇ ಉಳಿದೆ.

ವಾಚನ ಅಲ್ಲಿಂದಲೇ ಕೇಳಿದೆ. ಓದಿದವರು ನನಗಿಂತ ಚೆನ್ನಾಗಿ ಓದಿದರು, ಇದನ್ನು ಒಪ್ಪಿಕೊಳ್ಳೋಕೆ ಎರಡು ದಿನ ಬೇಕಾಯಿತು. ಶಿಲುಬೆಯ ಭಾಗ ಬಂದಾಗ ಕಿವಿ ನೆಟ್ಟಗಾಯಿತು: ಯೇಸುವಿನ ಜೊತೆ ಇಬ್ಬರು ಕಳ್ಳರು, ಒಬ್ಬ ಬಲಗಡೆ, ಒಬ್ಬ ಎಡಗಡೆ. ಯಕೋಬ, ಯೊವಾನ್ನ ಕೇಳಿದ್ದ ಜಾಗ! ಏನು ಕೇಳುತ್ತಿದ್ದೀರಿ ಅಂತ ನಿಮಗೇ ಗೊತ್ತಿಲ್ಲ ಅಂತ ಯೇಸು ಅವತ್ತೇ ಹೇಳಿದ್ದರಲ್ಲ.

ಪೂಜೆ ಮುಗಿದು ಎಲ್ಲರೂ ಹೋದ ಮೇಲೆ ಪೊರಕೆ ಹಿಡಿದೆ. ಬೆಂಚುಗಳ ಕೆಳಗೆಲ್ಲ ಗರಿಯ ಚೂರು, ಮಕ್ಕಳು ಮಡಚಿ ಮಾಡಿದ್ದ ಪುಟ್ಟ ಶಿಲುಬೆಗಳೂ ಸಿಕ್ಕವು. ಅವನ್ನು ಆಶೀರ್ವದಿಸಿರುತ್ತಾರೆ, ಕಸಕ್ಕೆ ಹಾಕುವಂತಿಲ್ಲ, ಬೇರೆ ಚೀಲಕ್ಕೆ ತುಂಬಬೇಕು. ಒಣಗಿದ ಮೇಲೆ ಸುಟ್ಟು, ಮುಂದಿನ ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ ಮಾಡುತ್ತಾರೆ.

ಗುಡಿಸುತ್ತಾ ಮಾರ್ಕನ ಇನ್ನೊಂದು ಮಾತು ನೆನಪಾಯಿತು. ಕತ್ತೆಮರಿಯನ್ನು ಬೇಗ ವಾಪಸ್ ಕಳಿಸುತ್ತೇವೆ ಅಂತ ಯೇಸು ಮಾತು ಕೊಟ್ಟಿದ್ದರು. ಹೊಸಾನ್ನದ ಗದ್ದಲ ಮುಗಿಯಿತು, ಸಂಜೆಯಾಯಿತು, ಹನ್ನೆರಡು ಮಂದಿಯ ಜೊತೆ ಅವರು ಹತ್ತಿರದ ಬೆಥಾನಿಯ ಎಂಬ ಹಳ್ಳಿಗೆ ಹೋದರು ಅಂತಿದೆ. ಆ ಮರಿಯನ್ನು ವಾಪಸ್ ಕರೆದುಕೊಂಡು ಹೋಗಿ, ಅದೇ ಬಾಗಿಲ ಪಕ್ಕ ಕಟ್ಟಿ ಬಂದವರು ಯಾರು?