ಡಬ್ಬ ಮಾತಾಡಬಾರದು

“ಡಬ್ಬ ಮಾತಾಡುತ್ತಿದೆ ಮೇಡಂ.”

ಸಾಮಾನು ಕಟ್ಟಲು ಬಂದಿದ್ದವರಲ್ಲಿ ಎಲ್ಲರಿಗಿಂತ ಹಿರಿಯರು ಪೆಟ್ಟಿಗೆಯನ್ನು ಎದೆಮಟ್ಟಕ್ಕೆ ಎತ್ತಿ, ಕಿವಿ ಹತ್ತಿರ ಹಿಡಿದು, ಒಂದೇ ಸಲ ಮೆಲ್ಲಗೆ ಅಲುಗಿಸಿ ಹೇಳಿದ ಮಾತಿದು. ಆಮೇಲೆ ಅದನ್ನು ಲಾರಿಗೆ ಒಯ್ಯಲಿಲ್ಲ. ನನ್ನ ಮುಂದೆ ನೆಲಕ್ಕಿಟ್ಟು ಕೈ ಕಟ್ಟಿ ನಿಂತರು. ಹೊಸ ಮನೆಗೆ ಬಂದಾಯಿತು, ಹೊಸ ಕೆಲಸವೂ ಶುರುವಾಯಿತು. ಆದರೂ ಈ ವಾರವಿಡೀ ತಲೆಯಲ್ಲಿ ಸುತ್ತುತ್ತಿರುವುದು ಅವರು ಕಿವಿಗೊಟ್ಟು ನಿಂತ ಆ ಭಂಗಿಯೇ.

ನನ್ನ ವಿಡಿಯೋ ಗೇಮುಗಳ ಆ ಡಬ್ಬ ತುಂಬಿದ್ದು ನನ್ನ ಗೆಳೆಯ. ವಿಡಿಯೋ ಗೇಮ್ ಸಂಗ್ರಹದ ವಿಷಯ ಬಂದರೆ ನಮ್ಮ ಬಳಗದಲ್ಲಿ ಅವನ ಮಾತೇ ಕೊನೆಯ ಮಾತು. ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ, ಮೂಟೆ ಹೊರುವವರ ಕೈಗೆ ಇದನ್ನೆಲ್ಲ ಕೊಡಬೇಡ ಎಂದು ತಾನೇ ಬಂದು, ರಾತ್ರಿಯಿಡೀ ಕುಳಿತು ಕಟ್ಟಿದ್ದ. ಕಟ್ಟುತ್ತಲೇ ಪಾಠವನ್ನೂ ಮಾಡಿದ್ದ. ಸಿ.ಡಿ.ಯಲ್ಲಿ ಮಾಹಿತಿಯ ಪದರ ಇರುವುದು ಹೆಸರು ಅಚ್ಚಾದ ಬದಿಗೆ ಅಂಟಿಕೊಂಡಂತೆ; ಆದ್ದರಿಂದ ಹೊಳೆಯುವ ಬದಿಯ ಗೀರಿಗಿಂತ ಮೇಲ್ಬದಿಯ ಗೀರೇ ಹೆಚ್ಚು ಅಪಾಯ. ಡಿವಿಡಿಯಲ್ಲಿ ಅದು 0.6 ಮಿಲಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುತ್ತದೆ. ಬ್ಲೂ-ರೇಯಲ್ಲಿ ಓದುವ ಬದಿಯಿಂದ ಬರೀ 0.1 ಮಿಲಿಮೀಟರ್ ಒಳಗೆ. ಅದಕ್ಕೇ ಆ ಬದಿಗೆ ಗಟ್ಟಿ ಲೇಪನ. ಅಷ್ಟೂ ನಿಜ. ಅವನು ಸುಳ್ಳು ಹೇಳುವವನಲ್ಲ, ಸುಮ್ಮನಿರುವವನೂ ಅಲ್ಲ.

“ಮಾತಾಡುತ್ತಿದೆ ಎಂದರೇನು? ನಾಲ್ಕು ಸುತ್ತು ಬಬಲ್ ರ‍್ಯಾಪ್ ಹಾಕಿದ್ದೇನೆ” ಎಂದ ಗೆಳೆಯ.

“ಸುತ್ತಿದ್ದು ಮೇಲೆ, ಸದ್ದು ಒಳಗೆ” ಎಂದರು ಹಿರಿಯರು.

ನನ್ನ ಒಪ್ಪಿಗೆ ಕೇಳಿ ಟೇಪ್ ಕೊಯ್ದರು. ಆಟದ ಡಿಸ್ಕುಗಳಿದ್ದ ಕೇಸುಗಳನ್ನು ಒಂದೊಂದಾಗಿ ಎತ್ತಿ ಕಿವಿಯ ಹತ್ತಿರ ಆಡಿಸತೊಡಗಿದರು. ಸುಮಾರು ಕೇಸುಗಳು ಸುಮ್ಮನಿದ್ದವು. ಆಮೇಲೆ ಒಂದು ಟಕಟಕ ಎಂದಿತು. ತೆರೆದು ನೋಡಿದರೆ, ಡಿಸ್ಕನ್ನು ನಡುವೆ ಹಿಡಿದಿಡುವ ಗುಬುಟಿನ ಹಲ್ಲುಗಳಲ್ಲಿ ಎರಡು ಮುರಿದಿದ್ದವು. ಡಿಸ್ಕ್ ಬಿಟ್ಟುಕೊಂಡು ಒಳಗೇ ಜಾರಾಡುತ್ತಿತ್ತು. ಮುರಿದ ಹಲ್ಲಿನ ಅಕ್ಕಿಕಾಳಿನಷ್ಟು ಚೂರೊಂದು ಡಿಸ್ಕಿನ ಹೊಳೆಯುವ ಬದಿಗೂ ಕೇಸಿನ ತಳಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಹಿರಿಯರು ಆ ಚೂರನ್ನು ಉಗುರಿನಿಂದ ತೆಗೆದು ಅಂಗೈಯಲ್ಲಿಟ್ಟು ಗೆಳೆಯನಿಗೆ ತೋರಿಸಿದರು. ಗೆದ್ದ ಮುಖವೇನೂ ಅಲ್ಲ. ಲಾರಿಯ ಕುಲುಕಾಟದಲ್ಲಿ ಆ ಚೂರು ದಾರಿಯುದ್ದಕ್ಕೂ ಮಾಡಬಹುದಾಗಿದ್ದ ಕೆಲಸವನ್ನು ನಮ್ಮ ಊಹೆಗೇ ಬಿಟ್ಟರು.

“ಅದು ಮೊದಲೇ ಹಾಗಿತ್ತು” ಎಂದ ಗೆಳೆಯ. ಇದ್ದಿರಬಹುದು. 0.1 ಮಿಲಿಮೀಟರ್ ಬಲ್ಲವನಿಗೆ ಟಕಟಕ ಕೇಳಿಸಲಿಲ್ಲವಲ್ಲ ಎಂಬುದೇ ನನಗೆ ಸೋಜಿಗ.

ಅಲ್ಲಿಂದ ಮುಂದೆ ಡಿಸ್ಕಿನ ಆಟಗಳ ಡಬ್ಬಗಳೆಲ್ಲ ಮತ್ತೆ ಬಿಚ್ಚಲ್ಪಟ್ಟವು. ಹಿರಿಯರಿಗೆ ಅವುಗಳ ಹೆಸರು ಗೊತ್ತಿಲ್ಲ, ಬೆಲೆ ಗೊತ್ತಿಲ್ಲ. ಹಲ್ಲು ಸಡಿಲವಾದ ಕೇಸಿನಿಂದ ಡಿಸ್ಕನ್ನು ತೆಗೆದು ಮೃದುವಾದ ತೆಳು ಚೀಲಕ್ಕೆ ಹಾಕಿ ಎಂದು ನನಗೆ ಹೇಳಿದರು. ದೊಡ್ಡ ಪೆಟ್ಟಿಗೆಗಳನ್ನು ಪಕ್ಕಕ್ಕೆ ತಳ್ಳಿ ಎರಡು ಪದರದ ರಟ್ಟಿನ ಚಿಕ್ಕ ಪೆಟ್ಟಿಗೆಗಳನ್ನು ತರಿಸಿದರು. ತಳದಲ್ಲಿ ಮುದುಡಿದ ಬಿಳಿ ಕಾಗದದ ಹಾಸು. ಅಚ್ಚಾದ ಪತ್ರಿಕೆ ಬೇಡ, ಅದರ ಮಸಿ ಹತ್ತುತ್ತದೆ. ಗೆಳೆಯ ಒಂದರ ಮೇಲೊಂದು ಪೇರಿಸಿದ್ದ ಕೇಸುಗಳನ್ನು ಅವರು ಪುಸ್ತಕಗಳ ಹಾಗೆ ನೆಟ್ಟಗೆ ನಿಲ್ಲಿಸಿದರು. ಹಾಗಿಟ್ಟರೆ ಮೇಲಿನ ಭಾರ ಕೆಳಗಿನದರ ಮುಚ್ಚಳವನ್ನು ಅಮುಕುವುದಿಲ್ಲ. ಮೂಲೆಗಳ ಸಂದಿಗೆ ಮತ್ತೆ ಕಾಗದ ತುರುಕಿ, ಬಾಯಿ ಮುಚ್ಚಿ, ಪುನಃ ಕಿವಿಗೆ ಹಿಡಿದು ಅಲುಗಿಸಿದರು. ಸದ್ದಿಲ್ಲ. ಆಮೇಲಷ್ಟೇ ಟೇಪ್: ನಡುವಿನ ಸೀಳಿಗೆ ಒಂದು, ಎರಡೂ ಅಂಚುಗಳಿಗೆ ಒಂದೊಂದು.

ಇಷ್ಟು ಚಿಕ್ಕ ಡಬ್ಬ ಏಕೆ ಎಂದು ಕೇಳಿದೆ. “ಎತ್ತಲಾಗದ ಡಬ್ಬವನ್ನು ಯಾರೂ ಎತ್ತುವುದಿಲ್ಲ ಮೇಡಂ, ಎಳೆಯುತ್ತಾರೆ” ಎಂದರು. ಗೆಳೆಯ ಕೆಂಪು ಶಾಯಿಯಲ್ಲಿ ‘ಒಡೆಯುವ ವಸ್ತು, ಎಚ್ಚರ’ ಎಂದು ನಾಲ್ಕೂ ಬದಿಗೆ ಬರೆಯಲು ಹೊರಟ. ಬೇಕಾದರೆ ಬರೆಯಿರಿ, ರಾತ್ರಿ ಇಳಿಸುವ ಹುಡುಗ ಓದುತ್ತಾ ನಿಲ್ಲುವುದಿಲ್ಲ ಎಂಬ ಉತ್ತರ ಬಂತು. ಒಳಗೆ ವಿಡಿಯೋ ಗೇಮ್ ಇದೆ ಎಂದು ಮಾತ್ರ ಬರೆಯಬೇಡಿ, ಅದನ್ನು ಓದುವವರು ಇರುತ್ತಾರೆ ಎಂದೂ ಸೇರಿಸಿದರು. ಕೊನೆಗೆ ಬರೀ ಅಂಕಿಗಳನ್ನು ಬರೆದೆವು. ಯಾವ ಅಂಕಿಯಲ್ಲಿ ಏನಿದೆ ಎಂಬ ಪಟ್ಟಿ ನನ್ನ ಮೊಬೈಲಿನಲ್ಲಿ.

ಗೆಳೆಯನಿಗೆ ಅನ್ಯಾಯ ಮಾಡಬಾರದು. ಕಾರ್ಟ್ರಿಜ್‌ಗಳ, ಅಂದರೆ ಡಿಸ್ಕಿನ ಬದಲು ಆಟವನ್ನು ಒಳಗಿಟ್ಟುಕೊಂಡ ಪ್ಲಾಸ್ಟಿಕ್ ಬಿಲ್ಲೆಗಳ, ವಿಷಯದಲ್ಲಿ ಅವನು ಮಾಡಿದ್ದನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ಗೇಮ್ ಬಾಯ್ ಎಂಬ ಹಳೆಯ ಕೈಯಾಟದ ಯಂತ್ರದ ಕಾಲದ ಎಷ್ಟೋ ಕಾರ್ಟ್ರಿಜ್‌ಗಳಲ್ಲಿ ಆಡಿದವರ ದಾಖಲೆ ಉಳಿಯುವುದು ಒಳಗಿನ ಗುಂಡಿ ಸೆಲ್ಲಿನ ಬಲದಿಂದ. ಸೆಲ್ ಸತ್ತರೆ ದಾಖಲೆಯೂ ಸತ್ತಂತೆ. 1999ರಲ್ಲಿ ಬಂದ ಪೋಕೆಮಾನ್ ಗೋಲ್ಡ್‌ನಲ್ಲಿ ಅದೇ ಸೆಲ್ ಗಡಿಯಾರವನ್ನೂ ನಡೆಸಬೇಕು. ಹಾಗಾಗಿ ಬೇಗ ಸೊರಗುತ್ತದೆ. ಅವನು ಕಂಪ್ಯೂಟರಿಗೆ ಜೋಡಿಸುವ ಚಿಕ್ಕ ಸಾಧನವೊಂದನ್ನು ತಂದು, ಪ್ರತಿ ಕಾರ್ಟ್ರಿಜ್‌ನ ದಾಖಲೆಯನ್ನೂ ನಕಲು ಮಾಡಿಕೊಟ್ಟ. ಕಂಟ್ರೋಲರುಗಳ ಸೆಲ್ಲುಗಳನ್ನು ಸೋರಬಾರದೆಂದು ತೆಗೆದ. ಟಿ.ವಿ.ಗೆ ಜೋಡಿಸಿ ಆಡುವ ಕನ್ಸೋಲುಗಳ ಹೊಟ್ಟೆಯಲ್ಲಿ ಡಿಸ್ಕ್ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡ. ರಟ್ಟಿನ ಹಳೆಯ ಆಟದ ಪೆಟ್ಟಿಗೆಗಳಿಗೆ ನಾನು ಹಾಕಿದ್ದ ರಬ್ಬರ್ ಬ್ಯಾಂಡುಗಳನ್ನು ಕಂಡು ಬೈದ; ಅವು ಅಂಚನ್ನು ಕೊಯ್ಯುತ್ತವೆ, ಹಳತಾದರೆ ಕರಗಿ ಅಂಟುತ್ತವೆ. ಲಿಥಿಯಂ ಬ್ಯಾಟರಿಯ ಕೈಯಾಟದ ಯಂತ್ರಗಳನ್ನೂ ಪವರ್ ಬ್ಯಾಂಕನ್ನೂ ಲಾರಿಗೆ ಕೊಡದೆ ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯುವಂತೆ ಮಾಡಿದವನೂ ಅವನೇ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳನ್ನು ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಹಾಕುವಂತಿಲ್ಲ ಎಂಬುದು ವಿಮಾನಯಾನದ ನಿಯಮವೇ.

ನಮ್ಮಂಥ ಸಂಗ್ರಹಕಾರರ ಬಗ್ಗೆ ನನಗೊಂದು ದೂರಿದೆ. ನಾವು ವಸ್ತುವಿನ ವಂಶಾವಳಿ ಬಲ್ಲವರು. ಯಾವ ಮುದ್ರಣ, ಯಾವ ದೇಶದ್ದು, ಬೆನ್ನಿನ ಬಣ್ಣ ಯಾವುದು ಎಂದು ಗಂಟೆಗಟ್ಟಲೆ ವಾದಿಸುತ್ತೇವೆ. ಆದರೆ ಅದಕ್ಕೆ ತೂಕವಿದೆ, ಅದು ಬೀಳುತ್ತದೆ, ಉಜ್ಜುತ್ತದೆ, ಬಿಸಿಲಿಗೆ ಬಾಗುತ್ತದೆ ಎನ್ನುವಲ್ಲಿಗೆ ಬಂದಾಗ ನಮ್ಮ ಪ್ರೀತಿ ಬಬಲ್ ರ‍್ಯಾಪಿನ ಸುತ್ತುಗಳನ್ನು ಹೆಚ್ಚಿಸುವುದರಲ್ಲೇ ಮುಗಿಯುತ್ತದೆ. ಜೀವಮಾನವಿಡೀ ಪರರ ಮನೆಯ ಸಾಮಾನು ಹೊತ್ತವರಿಗೆ ವಸ್ತುಗಳ ಮೇಲೆ ಪ್ರೀತಿಯ ಹಂಗಿಲ್ಲ. ಹಿರಿಯರು ನನ್ನ ಹಳೆಯ ಚಿತ್ರನಳಿಕೆಯ ಟಿ.ವಿ.ಯನ್ನು ಎತ್ತಿದ್ದನ್ನು ನೋಡಬೇಕಿತ್ತು. ಗುರಿಯಿಟ್ಟು ಹೊಡೆಯುವ ಹಳೆಯ ಬಂದೂಕಿನ ಆಟಗಳು ಈಗಿನ ಚಪ್ಪಟೆ ಪರದೆಯಲ್ಲಿ ನಡೆಯುವುದಿಲ್ಲವೆಂದು ಇಟ್ಟುಕೊಂಡಿರುವ ಟಿ.ವಿ. ಅದು. ಗೆಳೆಯ ಹಿಂಬದಿಯಿಂದ ತಬ್ಬಲು ಹೋದ. ಇವರು ಅವನನ್ನು ಸರಿಸಿ, ಗಾಜನ್ನು ತಮ್ಮ ಎದೆಗೆ ಒರಗಿಸಿಕೊಂಡು ಎತ್ತಿದರು. ಭಾರವೆಲ್ಲ ಮುಂದಿನ ಗಾಜಿನಲ್ಲೇ ಇದೆ ಎಂದು ಅವರಿಗೆ ಹೇಳಿಕೊಟ್ಟವರಾರು? ಬೆನ್ನುನೋವೇ ಇರಬೇಕು.

ಇವರ ಮೇಲಿನ ಸೂಪರ್‌ವೈಸರನದು ಬೇರೆಯೇ ಜಾತಕ. ಮೊಬೈಲಿನಿಂದ ತಲೆ ಎತ್ತದೆ ಕಾಗದ ಮುಂದೆ ಚಾಚಿ ಸಹಿ ಎಂದ. ಓದಿದೆ. ಹಾನಿಯಾದರೆ ಪರಿಹಾರ ತೂಕದ ಲೆಕ್ಕದಲ್ಲಿ! ಬೆರಳುದ್ದದ ಕಾರ್ಟ್ರಿಜ್‌ಗೆ ತೂಕವೆಲ್ಲಿಂದ ತರಲಿ? ಪ್ರತಿಯೊಂದರ ಫೋಟೋ, ಕನ್ಸೋಲುಗಳ ಕ್ರಮಸಂಖ್ಯೆ, ಇಂದು ಮತ್ತೆ ಕೊಂಡರೆ ಆಗುವ ಬೆಲೆ, ಇಷ್ಟನ್ನೂ ಪಟ್ಟಿ ಮಾಡಿ ಬೇರೆಯಾಗಿ ವಿಮೆ ಮಾಡಿಸಿದ್ದರಿಂದ ಸಹಿ ಹಾಕುವ ಧೈರ್ಯ ಬಂತು. “ಆಟದ ಸಾಮಾನಿಗೆ ವಿಮೆಯೇ?” ಎಂದು ನಕ್ಕ ಅವನು, ನಂತರ ‘ಒಟ್ಟು ಮೌಲ್ಯ’ದ ಸಾಲು ನೋಡಿ ನಗು ನಿಲ್ಲಿಸಿದ. ಅಂಥವರಿಗೆ ಅಂಕಿಯೊಂದೇ ಅರ್ಥವಾಗುವುದು.

ಹಿರಿಯರು ಬೆಲೆ ಕೇಳಲೇ ಇಲ್ಲ. “ಇವೆಲ್ಲ ಮಗನವೇ ಮೇಡಂ?” ಎಂದಷ್ಟೇ ಕೇಳಿದ್ದರು. ನನ್ನವು ಎಂದಾಗ ಅಚ್ಚರಿಯನ್ನೇನೂ ತೋರಿಸದೆ ತಲೆಯಾಡಿಸಿದ್ದರು. ಕೊನೆಯ ಡಬ್ಬಗಳಿಗೆ ಬಂದಾಗ ಮಾತ್ರ ಅವರ ಕೈ ನಿಂತಿತು. ಹೊದಿಕೆ ಕೂಡ ಬಿಚ್ಚದ ಆಟಗಳವು.

“ಇವನ್ನು ಇನ್ನೂ ಆಡಿಲ್ಲವೇ?”

“ಇಲ್ಲ. ಬಿಡುವಾದಾಗ ಆಡುತ್ತೇನೆ.”

ಬಿಚ್ಚದಿದ್ದರೇ ಬೆಲೆ ಎಂದು ವಿವರಿಸಲು ಗೆಳೆಯ ಬಾಯಿ ತೆರೆದ. ಹಿರಿಯರು ಅವನತ್ತ ನೋಡದೆ ಹುಡುಗನನ್ನು ಕೂಗಿದರು: “ಇವನ್ನು ಕೊನೆಗೆ ಹತ್ತಿಸು, ಬಾಗಿಲ ಹತ್ತಿರ ಇರಲಿ. ಅಲ್ಲಿ ಹೋದ ಮೇಲೆ ಮೇಡಂಗೆ ಮೊದಲು ಕೈಗೆ ಸಿಗಬೇಕು.” ಹಾಗೆ ನಾನು ವರ್ಷಗಟ್ಟಲೆ ಮುಟ್ಟದ ಆಟಗಳೆಲ್ಲ ಬಾಗಿಲಿಗೆ ಬಂದವು. ಗೆಳೆಯ ತಲೆಯ ಮೇಲಿಟ್ಟುಕೊಂಡಿದ್ದ ಅಪರೂಪದವು ಅಡುಗೆ ಪಾತ್ರೆಗಳ ಹಿಂದೆ, ಲಾರಿಯ ತೀರಾ ಒಳಗೆ ಹೋಗಿ ಕುಳಿತವು.