ಅಜ್ಜಿಯ ಅಳತೆಗೋಲು

ಬೋಸ್ಟನ್ ಹತ್ತಿರದ ಲೋವೆಲ್‌ನಲ್ಲಿ ಕಾಂಬೋಡಿಯಾದವರು ಜಾಸ್ತಿ. ಸರ್ವಾಧಿಕಾರಿ ಪೋಲ್ ಪಾಟ್ ಆಳ್ವಿಕೆಯಲ್ಲಿ ಬದುಕುಳಿದು, ಥಾಯ್ಲೆಂಡಿನ ಶಿಬಿರಗಳನ್ನು ದಾಟಿ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. ಅಲ್ಲಿನ ಒಂದು ಕ್ಲಿನಿಕ್‌ನಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮ ಕರಾವಳಿಯ ಬಿಸು ಹಬ್ಬದ ಹೊತ್ತಿಗೇ ಅವರಿಗೂ ಹೊಸ ವರ್ಷ. ಅದರ ಬೆನ್ನಿಗೇ ಏಪ್ರಿಲ್ 17 ಬರುತ್ತದೆ. 1975ರಲ್ಲಿ ಪೋಲ್ ಪಾಟನ ಖ್ಮೇರ್ ರೂಜ್ ಪಡೆ ರಾಜಧಾನಿ ನಾಮ್ ಪೆನ್‌ಗೆ ನುಗ್ಗಿ, ಜನರನ್ನು ಊರಿನಿಂದಲೇ ಹೊರಗಟ್ಟಿದ ದಿನ.

ಆ ವಾರವೇ ಅಜ್ಜಿಯೊಬ್ಬರು ಬಂದರು. ನಿದ್ದೆ ಇಲ್ಲ, ತಲೆನೋವು, ಎದೆ ಡವಡವ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಕುರ್ಚಿಯನ್ನೇ ಹುಡುಕಿ ಕೂತರು.

ಮನಸ್ಸಿಗಾದ ಆಘಾತ ತಿಳಿಯಲು ನಾವು ಬಳಸುವುದು ಹಾರ್ವರ್ಡ್ ಟ್ರಾಮಾ ಪ್ರಶ್ನಾವಳಿ. ಇಂಡೋಚೀನಾದ, ಅಂದರೆ ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂಗಳ, ನಿರಾಶ್ರಿತರಿಗೆಂದೇ ರಿಚರ್ಡ್ ಮೊಲಿಕಾ ಮತ್ತು ಜೊತೆಯವರು ಮಾಡಿದ್ದು, 1992ರಲ್ಲಿ ಪ್ರಕಟವಾಯಿತು. ಚೀಟಿ ಕೈಗೆ ಕೊಟ್ಟು ತುಂಬಿಸಿಕೊಳ್ಳುವಂಥದ್ದಲ್ಲ, ಎದುರು ಕೂತು ಕೇಳಬೇಕು. ಊಟವಿಲ್ಲದೆ ಇದ್ದಿರಾ? ಮನೆಯವರನ್ನು ಕೊಂದರಾ? ಅನುಭವಿಸಿದಿರಾ, ಕಣ್ಣಾರೆ ಕಂಡಿರಾ, ಬೇರೆಯವರಿಂದ ಕೇಳಿದಿರಾ? ಅಜ್ಜಿ ಒಂದೊಂದಕ್ಕೂ "ಹೌದು, ನನಗೇ ಆಯಿತು" ಅನ್ನುತ್ತಾ ಹೋದರು. ಕಣ್ಣು ಬಾಗಿಲ ಮೇಲೇ ಇತ್ತು.

ಆಮೇಲೆ ಲಕ್ಷಣಗಳು. ಕಳೆದ ವಾರ ಕೆಟ್ಟ ಕನಸು ಎಷ್ಟು ಕಾಡಿತು? ಇಲ್ಲವೇ ಇಲ್ಲ ಅಂದರೆ 1, ವಿಪರೀತ ಅಂದರೆ 4. ಅಜ್ಜಿಯದು ಹೆಚ್ಚುಕಡಿಮೆ ಎಲ್ಲಕ್ಕೂ "ಸ್ವಲ್ಪ", ಅಂದರೆ 2. 16 ಪ್ರಶ್ನೆಗೆ ಒಟ್ಟು 37, ಸರಾಸರಿ 2.3. ಆಘಾತದ ಕಾಯಿಲೆ ಇರಬಹುದು ಅನ್ನುವ ಗೆರೆ ಇರುವುದು 2.5ಕ್ಕೆ.

ರಾತ್ರಿಯೆಲ್ಲ ಎದ್ದು ಕೂರುವವರಿಗೆ "ಸ್ವಲ್ಪ" ಹೇಗಾಗುತ್ತದೆ? ದುಭಾಷಿ ಹುಡುಗಿ ಮೆಲ್ಲಗೆ ಕೇಳಿದಳು. ಅಜ್ಜಿ ತಡಮಾಡದೆ ಹೇಳಿದರು: "ಆಗ ಪಟ್ಟಿದ್ದರ ಮುಂದೆ ಇದೇನು ಮಹಾ? ಈಗ ಅನ್ನ ಇದೆ, ಯಾರೂ ಹೊಡೆಯುವುದಿಲ್ಲ."

ನಾವು ಒಂದು ವಾರದ ಲೆಕ್ಕ ಕೇಳಿದ್ದೆವು. ಅವರು ಆ ವಾರವನ್ನು 1975ರಿಂದ 79ರವರೆಗಿನ ವರ್ಷಗಳ ಪಕ್ಕ ಇಟ್ಟು ತೂಗಿದ್ದರು. ಜಾಸ್ತಿ ಕಂಡವರೇ ಕೆಲವೊಮ್ಮೆ ಕಡಿಮೆ ಅಂಕ ಹೇಳುವುದು ಹೀಗೆ. ಈ ಪ್ರಶ್ನಾವಳಿ ನನಗೆ ಬೇಕೇ ಬೇಕು. ಅದಿಲ್ಲದಿದ್ದರೆ ತಲೆನೋವಿನ ಮಾತ್ರೆ ಕೊಟ್ಟು ಸುಮ್ನೆ ಕಳಿಸಿಬಿಡುತ್ತಿದ್ದರು, ಆ ಹಸಿವು, ಆ ಸಾವುಗಳ ವಿಷಯ ಯಾರೂ ಎತ್ತುತ್ತಲೇ ಇರಲಿಲ್ಲ. ಆದರೆ 2.5 ಅನ್ನುವುದು ಯಾರನ್ನು ಇನ್ನಷ್ಟು ವಿಚಾರಿಸಬೇಕು ಎಂದು ತೋರಿಸಲು ಇರುವುದು. ಅದಕ್ಕಿಂತ ಕೆಳಗಿದ್ದವರನ್ನು ಮನೆಗೆ ಕಳಿಸಲು ಅಲ್ಲ.

ಅಂಕದ ಪಕ್ಕದಲ್ಲೇ ಅಜ್ಜಿಯ ಮಾತನ್ನು ಅವರು ಹೇಳಿದ ಹಾಗೇ ಬರೆದೆ. ಡಾಕ್ಟರ್ ಎರಡನ್ನೂ ಓದಿ, ಮೊದಲು ನಿದ್ದೆಗೆ ಚಿಕಿತ್ಸೆ ಶುರು ಮಾಡೋಣ ಅಂದರು. ಮುಂದಿನ ಸಲವೂ ಇದೇ ಹುಡುಗಿ ಇರಬೇಕು ಎಂದು ಅಜ್ಜಿ ಕೇಳಿಕೊಂಡರು. ಅದನ್ನೂ ಫೈಲಿನಲ್ಲಿ ಬರೆದು, ದಿನ ಗೊತ್ತುಮಾಡಿ ಕೊಟ್ಟೆ.